ಸಿನಿಮಾ ಮಾಡಾಕ ಹೊಲ ಮಾರಬ್ಯಾಡ್ರಿ

ಸಿನಿಮಾ ಮಾಡಬೇಕು ಅನ್ನೋ ಹುಡುಗ ಹುಡುಗಿಯರು ಈಗ ಊರಿಗೆ ನಾಲ್ಕು ಜನ ಸಿಗುತ್ತಾರೆ. ಸಂತೋಷ. ಆದರೆ ಅವರ ಆಸೆ ಮೇಲೆ ಅಂಗಡಿ ಹಾಕಿದವರು ಅದಕ್ಕಿಂತ ಹೆಚ್ಚಿದ್ದಾರೆ. ಆಡಿಷನ್ ಫೀ ಅಂತ ಒಬ್ಬ, ಪೋರ್ಟ್‌ಫೋಲಿಯೊ ಫೋಟೊ ಅಂತ ಇನ್ನೊಬ್ಬ, ಮೂರು ತಿಂಗಳ ಡೈರೆಕ್ಷನ್ ಕೋರ್ಸ್ ಅಂತ ಮತ್ತೊಬ್ಬ. ದೊಡ್ಡ ಕುಳ ಸಿಕ್ಕರೆ "ಐದು ಲಕ್ಷ ಹಾಕ್ರಿ, ನಿಮ್ಮ ಮಗನೇ ಸೆಕೆಂಡ್ ಹೀರೊ" ಅನ್ನೋ ಮಾತು.

ಜಿಲ್ಲಾ ವರದಿಗಾರನಾಗಿ ನಾನು ಇಂಥ ಸುದ್ದಿ ಬರೆದಿದ್ದೇನೆ. "ಸಿನಿಮಾ ಚಾನ್ಸ್ ಹೆಸರಲ್ಲಿ ವಂಚನೆ" ಅಂತ ಒಂದು ಕಾಲಂ ಬರುತ್ತೆ, ಮರುದಿನ ಎಲ್ಲರೂ ಮರೆಯುತ್ತಾರೆ. ಬರದೇ ಇರುವ ಸುದ್ದಿಗಳು ಇನ್ನೂ ಹೆಚ್ಚು. ಮಾನಕ್ಕೆ ಅಂಜಿ ಅಪ್ಪ ಅವ್ವ ಸ್ಟೇಷನ್ ಮೆಟ್ಟಿಲು ಹತ್ತುವುದಿಲ್ಲ. ಸಾಲ ಮಾತ್ರ ಉಳಿಯುತ್ತೆ.

ಅದಕ್ಕೇ ನೇರವಾಗಿ ಹೇಳುತ್ತೇನೆ. ಕೆಲಸ ಕೊಡುವವನು ನಿಮಗೆ ದುಡ್ಡು ಕೊಡಬೇಕು. ನಿಮ್ಮಿಂದಲೇ ದುಡ್ಡು ಕೇಳುವವನು ಸಿನಿಮಾ ಮಾಡುತ್ತಿಲ್ಲ, ನಿಮ್ಮನ್ನು ಮಾರುತ್ತಿದ್ದಾನೆ. ಸಿನಿಮಾ ಮಾಡಲೇಬೇಕು ಅಂದರೆ ಊರಲ್ಲೇ ಮಾಡಿ, ಸಣ್ಣದಾಗಿ ಮಾಡಿ.

ಊರು ಬಿಡದೆ ಮಾಡಿದವರು

"ಇದೆಲ್ಲ ಬಾಯಿಮಾತು" ಅನ್ನುವವರಿಗೆ ನಮ್ಮ ಕನ್ನಡದ್ದೇ ಉದಾಹರಣೆಗಳಿವೆ.

"ತಿಥಿ" ಚಿತ್ರೀಕರಣ ಆಗಿದ್ದು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ. ಕಥೆ ಬರೆದ ಈರೇಗೌಡರದ್ದು ಅದೇ ಊರು, ನಿರ್ದೇಶಕ ರಾಮ್ ರೆಡ್ಡಿ. ನಟಿಸಿದವರು ಕ್ಯಾಮೆರಾ ಮುಂದೆ ಎಂದೂ ನಿಲ್ಲದ ಹಳ್ಳಿ ಜನ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದು ಎರಡು ಪ್ರಶಸ್ತಿ ಗೆದ್ದಿತು.

"ಪೆದ್ರೊ" ಮಾಡಿದ ನಟೇಶ್ ಹೆಗಡೆ ಉತ್ತರ ಕನ್ನಡದವರು. ಮುಖ್ಯ ಪಾತ್ರಕ್ಕೆ ತಮ್ಮ ತಂದೆಯನ್ನೇ ನಿಲ್ಲಿಸಿದರು. 2021ರಲ್ಲಿ ಆ ಚಿತ್ರ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವಕ್ಕೆ ಹೋಯಿತು. ಮರುವರ್ಷ ಅದೇ ಬೂಸಾನ್‌ನಲ್ಲಿ ಜೈಶಂಕರ್ ಆರ್ಯರ್ ಅವರ "ಶಿವಮ್ಮ" ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು. ಅದು ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಸಿನಿಮಾ. ಚೈನ್ ಮಾರ್ಕೆಟಿಂಗ್‌ಗೆ ದುಡ್ಡು ಹಾಕುವ ಬಡ ಹೆಂಗಸಿನ ಕಥೆ. ಇಂಥ ಕಥೆ ಯಾವ ಊರಲ್ಲಿ ಇಲ್ಲ ಹೇಳಿ?

ಅಸ್ಸಾಮಿನ ರೀಮಾ ದಾಸ್ ತಮ್ಮ ಹಳ್ಳಿಯ ಮಕ್ಕಳನ್ನು ಇಟ್ಟುಕೊಂಡು "ವಿಲೇಜ್ ರಾಕ್‌ಸ್ಟಾರ್ಸ್" ಮಾಡಿದರು. ಬರೆದದ್ದು, ಕ್ಯಾಮೆರಾ ಹಿಡಿದದ್ದು, ಎಡಿಟ್ ಮಾಡಿದ್ದು ಎಲ್ಲ ಅವರೇ. 2018ರಲ್ಲಿ ದೇಶದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು.

ಇವು ಯಾವುವೂ ಐವತ್ತು ಸಾವಿರದ ಸಿನಿಮಾ ಅಲ್ಲ, ಅದನ್ನೂ ಹೇಳಬೇಕು. "ಪೆದ್ರೊ", "ಶಿವಮ್ಮ" ಎರಡಕ್ಕೂ ರಿಷಬ್ ಶೆಟ್ಟಿ ನಿರ್ಮಾಪಕರಾಗಿ ನಿಂತರು. ಆದರೆ ಊರು, ಮುಖ, ಮಾತು, ಕಥೆ ನಿರ್ಮಾಪಕರು ಕೊಟ್ಟದ್ದಲ್ಲ. ನಾವು ಕಲಿಯಬೇಕಾದದ್ದು ಆ ಭಾಗ.

ದುಃಖದ ಸಂಗತಿ ಏನೆಂದರೆ, "ತಿಥಿ" ಗೆದ್ದ ಮೇಲೆ ನಮ್ಮವರು ಕಲಿತದ್ದು ಅದನ್ನಲ್ಲ. ಗಡ್ಡಪ್ಪ, ಸೆಂಚುರಿ ಗೌಡರನ್ನೇ ಕರೆತಂದು ಬೈಗುಳ ಹೇಳಿಸಿ ನಗಿಸುವ ಸಿನಿಮಾಗಳು ಸಾಲುಗಟ್ಟಿದವು. ನಿಮ್ಮ ಊರಲ್ಲೂ ಮುದುಕರಿದ್ದಾರೆ. ಅವರ ಹತ್ತಿರ ಕೂತು ಅವರ ಮಾತು ಕೇಳುವುದಕ್ಕೆ ಖರ್ಚಿಲ್ಲ.

ದುಡ್ಡು ಎಲ್ಲಿಗೆ ಹೋಗಬೇಕು

ಹಳ್ಳಿ ಹುಡುಗರ ಕಿರುಚಿತ್ರ ನೋಡಿ. ಮೊದಲ ಶಾಟ್ ಡ್ರೋನ್, ಎರಡನೇದು ಸ್ಲೋ ಮೋಷನ್, ಮೂರನೇದರಲ್ಲಿ ಮಾತು ಶುರು, ಒಂದಕ್ಷರ ಕೇಳಿಸಲ್ಲ. ಕ್ಯಾಮೆರಾ ಬಾಡಿಗೆಗೇ ದುಡ್ಡು ಮುಗಿದಿರುತ್ತೆ.

ಹದಿನೈದು ನಿಮಿಷದ ಚಿತ್ರ, ನಾಲ್ಕು ದಿನ ಶೂಟಿಂಗ್, ಐವರು ನಟರು, ಐವರು ಕೆಲಸಗಾರರು ಅಂತ ಇಟ್ಟುಕೊಳ್ಳಿ. ನನ್ನ ಲೆಕ್ಕ ಹೀಗಿದೆ, ನಿಮ್ಮ ಕಡೆಯ ದರಕ್ಕೆ ತಕ್ಕಂತೆ ಬದಲಿಸಿ:

- ಹತ್ತು ಜನಕ್ಕೆ ದಿನಕ್ಕೆ 500ರಂತೆ ಕೂಲಿ: 20,000
- ಊಟ, ಚಹಾ: 7,000
- ಮೈಕ್, ರೆಕಾರ್ಡರ್ ಬಾಡಿಗೆ: 6,000
- ಎರಡು ಹಾರ್ಡ್‌ಡಿಸ್ಕ್: 9,000
- ಪೆಟ್ರೋಲ್, ಸಾಮಾನು: 5,000
- ಕೈಮೀರಿದ್ದಕ್ಕೆ: 3,000
- ಕ್ಯಾಮೆರಾ: ಕೈಯಲ್ಲಿರುವ ಮೊಬೈಲ್

ಒಟ್ಟು 50,000. ಐದು ಗೆಳೆಯರು ಹತ್ತತ್ತು ಸಾವಿರ ಹಾಕಿದರೆ ಆಯಿತು. ಯಾರ ಹೊಲವೂ ಹೋಗಲ್ಲ.

"ಮೊಬೈಲ್‌ನಲ್ಲಿ ತೆಗೆದದ್ದು ಸಿನಿಮಾನಾ?" ಅಂತ ಕೇಳುವವರಿಗೆ ಒಂದು ಉತ್ತರ. ಅಮೆರಿಕದ ಶಾನ್ ಬೇಕರ್ 2015ರ "ಟ್ಯಾಂಜರಿನ್" ಚಿತ್ರವನ್ನು ಐಫೋನ್ 5ಎಸ್‌ನಲ್ಲಿ ತೆಗೆದರು, ಅದರ ಮುಂದೆ ಒಂದು ಲೆನ್ಸ್ ಕಟ್ಟಿದ್ದರು ಅಷ್ಟೆ. ಹತ್ತು ವರ್ಷ ಆದ ಮೇಲೆ ಅದೇ ಮನುಷ್ಯ ಬೇರೊಂದು ಚಿತ್ರಕ್ಕೆ ಆಸ್ಕರ್ ತೆಗೆದುಕೊಂಡರು. ನಮ್ಮಂಥ ಸ್ಟ್ರಿಂಗರ್‌ಗಳು ದಿನಾ ಮೊಬೈಲ್‌ನಲ್ಲೇ ಸುದ್ದಿ ಕಳಿಸುತ್ತೇವೆ. ಚಿತ್ರ ಸ್ವಲ್ಪ ಮಂಕಾದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಬೆರಳು ಮೇಲಕ್ಕೆ ಸರಿಸುತ್ತಾರೆ.

ಮೊದಲು ಕಿವಿ, ಆಮೇಲೆ ಕಣ್ಣು

ಹಳ್ಳಿ ನಿಶ್ಶಬ್ದ ಅನ್ನುವುದು ಸಿಟಿಯವರ ಕಲ್ಪನೆ. ಪಂಪ್‌ಸೆಟ್, ಹಿಟ್ಟಿನ ಗಿರಣಿ, ಟ್ರ್ಯಾಕ್ಟರಿನ ಡೆಕ್, ಗುಡಿಯ ಮೈಕು, ನಾಯಿ. ಶೂಟಿಂಗ್ ಯಾವ ಹೊತ್ತಿಗೆ ಇದೆಯೋ, ಹಿಂದಿನ ದಿನ ಅದೇ ಹೊತ್ತಿಗೆ ಆ ಜಾಗಕ್ಕೆ ಹೋಗಿ ಹತ್ತು ನಿಮಿಷ ಕಣ್ಣು ಮುಚ್ಚಿ ಕೂತುಕೊಳ್ಳಿ. ತ್ರೀಫೇಸ್ ಕರೆಂಟ್ ಬರುವ ಸಮಯ ಕೇಳಿಕೊಳ್ಳಿ, ಆಗ ಸುತ್ತಲಿನ ಮೋಟರೆಲ್ಲ ಶುರುವಾಗುತ್ತೆ.

ಮೈಕ್ ಸಿಗದಿದ್ದರೆ ಇನ್ನೊಂದು ಮೊಬೈಲ್ ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ, ರೆಕಾರ್ಡಿಂಗ್ ಒತ್ತಿ, ನಟನ ಅಂಗಿ ಜೇಬಿನಲ್ಲಿಡಿ. ಕ್ಯಾಮೆರಾ ಮುಂದೆ ಒಮ್ಮೆ ಚಪ್ಪಾಳೆ ತಟ್ಟಿ. ಎಡಿಟಿಂಗ್‌ನಲ್ಲಿ ಆ ಚಪ್ಪಾಳೆ ನೋಡಿ ಚಿತ್ರ, ಧ್ವನಿ ಎರಡನ್ನೂ ಹೊಂದಿಸಬಹುದು. ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಒಂದು ನಿಮಿಷ ಬರೀ ಸುತ್ತಲಿನ ಸದ್ದು ರೆಕಾರ್ಡ್ ಮಾಡಿ. ಮಾತಿನ ನಡುವಿನ ಖಾಲಿ ತುಂಬಲು ಅದು ಬೇಕೇ ಬೇಕು.

"ಡಬ್ಬಿಂಗ್ ಮಾಡಿದರಾಯ್ತು" ಅನ್ನುವವರ ಮಾತು ಕೇಳಬೇಡಿ. ಹೊಲದಲ್ಲಿ ನಿಂತು ಸಹಜವಾಗಿ ಬೈದ ಅವ್ವ, ಸ್ಟುಡಿಯೊದಲ್ಲಿ ತನ್ನ ತುಟಿ ನೋಡುತ್ತಾ ಅದೇ ಸಿಟ್ಟು ತರುವುದು ಬಹಳ ಕಷ್ಟ.

ಬೆಳಕಿಗೆ ಬಾಡಿಗೆ ಲೈಟ್ ಬೇಡ. ಬೆಳಿಗ್ಗೆ ಒಂಬತ್ತರವರೆಗೆ, ಸಂಜೆ ನಾಲ್ಕರ ಮೇಲೆ ಹೊರಗೆ ತೆಗೆಯಿರಿ, ನಡು ಮಧ್ಯಾಹ್ನ ಒಳಗೆ ಕಿಟಕಿ ಪಕ್ಕ. ಎದುರಿಗೆ ಬಿಳಿ ಪಂಚೆ ಹಿಡಿದರೆ ಮುಖಕ್ಕೆ ಬೆಳಕು ಬೀಳುತ್ತೆ. ಮೊಬೈಲ್‌ನ ಪ್ರೊ ಮೋಡ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಡಿ, ಟ್ಯೂಬ್‌ಲೈಟ್ ಮಿಣುಕುವುದಿಲ್ಲ. ಫೋಕಸ್, ಎಕ್ಸ್‌ಪೋಷರ್ ಲಾಕ್ ಮಾಡಿ. ತೆಗೆದದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ, ಅದು ವಿಡಿಯೊವನ್ನು ಹಿಂಡಿ ಕೆಡಿಸುತ್ತೆ. ಅದೇ ರಾತ್ರಿ ಕೇಬಲ್ ಹಾಕಿ ಎರಡೂ ಹಾರ್ಡ್‌ಡಿಸ್ಕ್‌ಗೆ ಇಳಿಸಿ, ಎರಡನ್ನೂ ಬೇರೆ ಬೇರೆ ಮನೆಯಲ್ಲಿಡಿ. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್ ಪುಕ್ಕಟೆ ಸಿಗುತ್ತೆ, ಕಂಪ್ಯೂಟರ್ ಮಾತ್ರ ಸ್ವಲ್ಪ ಗಟ್ಟಿ ಬೇಕು.

ಕೂಲಿ ಕೊಡಿ

ನನ್ನ ಜಗಳ ಇರುವುದು ಇಲ್ಲಿ. ಬೆಂಗಳೂರಿನಿಂದ ಬರುವ "ಸ್ವತಂತ್ರ" ನಿರ್ದೇಶಕರಲ್ಲಿ ಕೆಲವರು, ಅವರನ್ನು ನೋಡಿ ಕಲಿತ ನಮ್ಮ ಹುಡುಗರೂ, ಊರವರನ್ನು ಮೂರು ದಿನ ಬಿಸಿಲಲ್ಲಿ ನಿಲ್ಲಿಸಿ ಕೈಗೆ ಒಂದು ಬಿಸ್ಕತ್ ಪೊಟ್ಟಣ ಕೊಡುತ್ತಾರೆ. "ಕಲೆಗಾಗಿ ಮಾಡ್ತಿದ್ದೀವಿ ಅಜ್ಜಿ" ಅನ್ನುತ್ತಾರೆ. ಅಜ್ಜಿ ಆ ಮೂರು ದಿನ ಕಳೆ ತೆಗೆಯಲು ಹೋಗಿದ್ದರೆ ಮನೆಗೆ ದುಡ್ಡು ಬರುತ್ತಿತ್ತು. ಅದು ಕಡಿಮೆ ಖರ್ಚಿನ ಸಿನಿಮಾ ಅಲ್ಲ, ಅಜ್ಜಿಯ ಖರ್ಚಿನ ಸಿನಿಮಾ.

ನಿಮ್ಮೂರ ಹೊಲದ ಕೂಲಿಗಿಂತ ಒಂದು ರೂಪಾಯಿ ಕಡಿಮೆ ಬೇಡ. ದಿನದ ದುಡ್ಡು ದಿನವೇ ಕೊಡಿ. ಅಷ್ಟು ಇಲ್ಲ ಅಂದರೆ ಕಥೆ ಸಣ್ಣದು ಮಾಡಿ, ನಾಲ್ಕು ದಿನದ ಬದಲು ಎರಡು ದಿನ ಮಾಡಿ. ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆಯಿರಿ: ಏನು ತೆಗೆಯುತ್ತೇವೆ, ಎಲ್ಲಿ ಹಾಕುತ್ತೇವೆ, ಎಷ್ಟು ಕೊಡುತ್ತೇವೆ. ಓದಿ ಹೇಳಿ, ಆಮೇಲೆ ಸಹಿಯೋ ಹೆಬ್ಬೆಟ್ಟೋ ಹಾಕಿಸಿಕೊಳ್ಳಿ. ಹೆಣ್ಣುಮಕ್ಕಳು ಒಂದು ದೃಶ್ಯ ಬೇಡ ಅಂದರೆ ಬೇಡ. ಯೂಟ್ಯೂಬ್‌ಗೆ ಹೋದ ವಿಡಿಯೊ ಅವರ ಬೀಗರ ಮೊಬೈಲ್‌ಗೂ ಹೋಗುತ್ತೆ, ಅಲ್ಲಿ ಉತ್ತರ ಕೊಡಬೇಕಾದವರು ಅವರು, ನೀವಲ್ಲ.

ಕಾನೂನು ನಾಲ್ಕು ಮಾತಲ್ಲಿ

ಯೂಟ್ಯೂಬ್‌ಗೆ ಸೆನ್ಸಾರ್ ಬೇಕಿಲ್ಲ, ಥಿಯೇಟರ್‌ಗೆ ಬೇಕು. ಥಿಯೇಟರ್ ಗುರಿ ಇದ್ದು ಎತ್ತು, ಕುರಿ, ಹಾವು ತೋರಿಸುವುದಾದರೆ ಶೂಟಿಂಗ್‌ಗೂ ಮೊದಲೇ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಪಡೆಯಿರಿ. ಸಿನಿಮಾ ಹಾಡು ಹಾಕಿದರೆ ಯೂಟ್ಯೂಬ್‌ನಲ್ಲಿ ಕಾಪಿರೈಟ್ ಬೀಳುತ್ತೆ. ನಿಮ್ಮೂರ ಹೆಂಗಸರ ಸೋಬಾನೆ ಪದ, ಭಜನಾ ತಂಡದ ತಾಳ ನೀವೇ ರೆಕಾರ್ಡ್ ಮಾಡಿ. ಅವರಿಗೂ ಕೂಲಿ ಕೊಡಿ, ಹೆಸರು ಹಾಕಿ.

ಕೊನೆಗೆ

ಮೊದಲ ಚಿತ್ರಕ್ಕೆ ಪ್ರಶಸ್ತಿ ಬರಲಿಕ್ಕಿಲ್ಲ, ವ್ಯೂಸ್ ನೂರು ದಾಟಲಿಕ್ಕಿಲ್ಲ. ಐವತ್ತು ಸಾವಿರದಲ್ಲಿ ಸೋತವನು ಮುಂದಿನ ವರ್ಷ ಇನ್ನೊಂದು ಮಾಡಬಹುದು. ಎರಡು ಎಕರೆ ಮಾರಿ ಸೋತವನು ಬೆಂಗಳೂರಿಗೆ ಹೋಗಿ ಸೆಕ್ಯುರಿಟಿ ಕೆಲಸ ಹುಡುಕಬೇಕು.

ಸುಗ್ಗಿ ಮುಗಿದು ಊರಿಗೆ ಬಿಡುವು ಸಿಗುವ ನಾಲ್ಕು ದಿನ ಗುರುತು ಹಾಕಿಕೊಳ್ಳಿ. ಅಷ್ಟರೊಳಗೆ ಹತ್ತು ಪುಟದ ಕಥೆ ಬರೆಯಿರಿ, ನಿಮ್ಮ ಓಣಿಯದ್ದೇ ಬರೆಯಿರಿ. ಮುಗಿದ ಮೇಲೆ ಯೂಟ್ಯೂಬ್‌ಗೆ ಹಾಕುವ ಮುಂಚೆ ನಟಿಸಿದವರನ್ನೆಲ್ಲ ಒಂದು ಅಂಗಳದಲ್ಲಿ ಕೂರಿಸಿ ತೋರಿಸಿ. ಅವರು "ಹೌದಪ್ಪ, ನಾವು ಹಿಂಗ ಅದೀವಿ" ಅಂದರೆ ಆಮೇಲೆ ಊರಾಚೆ ಕಳಿಸಿ. ಇಲ್ಲ ಅಂದರೆ ಎಲ್ಲಿ ತಪ್ಪಾಗಿದೆ ಅಂತ ಅವರನ್ನೇ ಕೇಳಿ, ಎಡಿಟ್ ತಿದ್ದಿ.