ನೀಲಿ ಮಕ್ಕಳ ಕಾಡಿನಲ್ಲಿ ಒಂದು ವಾರ



ರಜೆ ಶುರುವಾದ ಎರಡನೇ ದಿನ. ಊಟಕ್ಕೆ ಬಾ ಎಂದು ಮೂರು ಸಲ ಕರೆದಾಯಿತು. ನಾಲ್ಕನೇ ಸಲ ಕರೆಯುವ ಬದಲು ನೇರ ಹಾಲ್‌ಗೆ ಹೋಗಿ ಟಿ.ವಿ.ಯ ಸ್ವಿಚ್ಚಿಗೇ ಕೈ ಹಾಕುವುದು ನನ್ನ ಪದ್ಧತಿ. ನಿಮ್ಮಲ್ಲಿ ಹಲವರ ಪದ್ಧತಿಯೂ ಇದೇ ಇರಬಹುದು. ಆದರೆ ಆ ದಿನ ಸ್ವಿಚ್ಚಿನ ಹತ್ತಿರ ಹೋದವಳು ಹಾಗೇ ನಿಂತುಬಿಟ್ಟೆ. ಹದಿಮೂರು ತುಂಬಿದ ನನ್ನ ಮಗ ಗೇಮಿನೊಳಗೆ ಗುಂಡು ಹಾರಿಸುತ್ತಿರಲಿಲ್ಲ, ಹಣ್ಣು ಕೊಯ್ಯುತ್ತಿದ್ದ! ಸಿಪ್ಪೆ ಸುಲಿದು ತಟ್ಟೆಯಲ್ಲಿಟ್ಟು ಕೊಟ್ಟರೂ ಮೂಸಂಬಿ ತಿನ್ನಲು ಸೋಮಾರಿತನ ಮಾಡುವ ಹುಡುಗ, ಉಸಿರು ಬಿಗಿಹಿಡಿದು, ನಾಲ್ಕು ಬೆರಳಿನ ನೀಲಿ ಕೈಯೊಂದರಿಂದ ಮರದ ಕಾಯಿಯನ್ನು ಮೆಲ್ಲಗೆ ಅತ್ತಿತ್ತ ವಾಲಿಸುತ್ತಿದ್ದ.

"ಮಮ್ಮಿ, ಒಂದು ನಿಮಿಷ. ಜೋರಾಗಿ ಎಳೆದರೆ ಹಾಳಾಗ್ತದೆ" ಅಂದ.

ಪ್ಲೇಸ್ಟೇಷನ್ 5 ಎಂಬ ಆ ಯಂತ್ರ ನಮ್ಮ ಮನೆಗೆ ಬಂದದ್ದು ಜುಬೈಲ್‌ನಲ್ಲಿರುವ ನನ್ನ ಅಣ್ಣನ ಕೃಪೆಯಿಂದ. ಗೇಮಿನ ಹೆಸರು ‘ಅವತಾರ್: ಫ್ರಾಂಟಿಯರ್ಸ್ ಆಫ್ ಪ್ಯಾಂಡೋರಾ’. ಜೇಮ್ಸ್ ಕ್ಯಾಮರೂನ್ ಅವರ ‘ಅವತಾರ್’ ಚಿತ್ರ 2009ರಲ್ಲಿ ಬಂತು, ಎರಡನೆಯದು 2022ರಲ್ಲಿ, ಮೂರನೆಯದು 2025ರ ಡಿಸೆಂಬರಿನಲ್ಲಿ. ಈ ಗೇಮ್ ಬಿಡುಗಡೆಯಾದದ್ದು 2023ರ ಡಿಸೆಂಬರಿನಲ್ಲಿ. ತಯಾರಿಸಿದವರು ಸ್ವೀಡನ್ನಿನ ಮಾಲ್ಮೋ ನಗರದ ಮ್ಯಾಸಿವ್ ಎಂಟರ್‌ಟೇನ್‌ಮೆಂಟ್, ಹೊರತಂದವರು ಫ್ರಾನ್ಸಿನ ಯೂಬಿಸಾಫ್ಟ್. ಅಮೆರಿಕದಲ್ಲಿ ಗೇಮುಗಳಿಗೆ ವಯಸ್ಸಿನ ಗುರುತು ಕೊಡುವ ಇಎಸ್‌ಆರ್‌ಬಿ ಎಂಬ ಸಂಸ್ಥೆ ಇದಕ್ಕೆ ‘ಟಿ’ ಕೊಟ್ಟಿದೆ. ಅಂದರೆ ಹದಿಮೂರು ಮತ್ತು ಅದಕ್ಕಿಂತ ಮೇಲ್ಪಟ್ಟವರಿಗೆ. ನನ್ನ ಮಗ ಈ ಸಂಗತಿಯನ್ನು ವಕೀಲರಂತೆ ನನ್ನೆದುರು ಮಂಡಿಸಿದ. ಹಾಗಾದರೆ ನಾನೂ ಪಕ್ಕದಲ್ಲಿ ಕೂತು ನೋಡುತ್ತೇನೆ, ಆಮೇಲೆ ತೀರ್ಮಾನ ಎಂದೆ. ಹೀಗೆ ಒಂದು ವಾರ, ದಿನಕ್ಕೆ ಒಂದೂವರೆ ಗಂಟೆಯಂತೆ, ಇಬ್ಬರೂ ಆ ಕಾಡಿನಲ್ಲಿ ಅಲೆದೆವು. ಇದು ಆ ವಾರದ ಮೊದಲ ಅನಿಸಿಕೆ ಅಷ್ಟೇ. ಕಥೆ ಇನ್ನೂ ಮುಗಿದಿಲ್ಲ.

ಸಿನಿಮಾ ನೋಡಿ ಗೇಮ್ ಕಟ್ಟುವುದು ಹಳೆಯ ವ್ಯಾಪಾರ. ಅದರಲ್ಲಿ ಕೈ ಸುಟ್ಟುಕೊಂಡವರೇ ಹೆಚ್ಚು. 1982ರಲ್ಲಿ ‘ಇ.ಟಿ.’ ಚಿತ್ರದ ಹೆಸರಿನಲ್ಲಿ ಅಟಾರಿ ಕಂಪೆನಿ ಒಂದು ಗೇಮ್ ತಂದಿತು. ಕ್ರಿಸ್‌ಮಸ್ ಮಾರಾಟಕ್ಕೆ ಸಿದ್ಧವಾಗಬೇಕೆಂದು ಹೊವರ್ಡ್ ಸ್ಕಾಟ್ ವಾರ್ಶಾ ಎಂಬ ಒಬ್ಬರೇ ಅದನ್ನು ಸುಮಾರು ಐದು ವಾರಗಳಲ್ಲಿ ಬರೆದು ಮುಗಿಸಬೇಕಾಯಿತು. ಮಾರಾಟವಾಗದೆ ಉಳಿದ ರಾಶಿಯನ್ನು 1983ರಲ್ಲಿ ನ್ಯೂ ಮೆಕ್ಸಿಕೋದ ಅಲಮೊಗೋರ್ಡೋ ಎಂಬ ಊರಿನ ಕಸದ ಗುಂಡಿಯಲ್ಲಿ ಹೂತರು. ಇದು ಬರೀ ಕಟ್ಟುಕಥೆ ಎಂದು ಹಲವರು ನಂಬಿದ್ದರು. 2014ರ ಏಪ್ರಿಲ್‌ನಲ್ಲಿ ಅಗೆದು ನೋಡಿದಾಗ ಪೆಟ್ಟಿಗೆ ಸಮೇತ ಸಿಕ್ಕವು. ಅವಸರದಲ್ಲಿ ಬೇಯಿಸಿದ ಬಿರಿಯಾನಿಯ ಗತಿ ನಮಗೆ ಗೊತ್ತಿಲ್ಲವೇ? ಇದಕ್ಕೆ ವಿರುದ್ಧದ ಉದಾಹರಣೆ ‘ಗೋಲ್ಡನ್ ಐ’. ಆ ಸಿನಿಮಾ ಬಂದದ್ದು 1995ರಲ್ಲಿ, ಗೇಮ್ 1997ರಲ್ಲಿ. ನಿಧಾನವಾಗಿ ಮಾಡಿದರು, ಹೆಸರಾಯಿತು.

‘ಅವತಾರ್’ಗೂ 2009ರಲ್ಲೇ, ಸಿನಿಮಾ ಬರುವ ಕೆಲವೇ ದಿನ ಮೊದಲು, ಇದೇ ಯೂಬಿಸಾಫ್ಟ್ ಒಂದು ಗೇಮ್ ತಂದಿತ್ತು. ಅದರಲ್ಲಿ ಆಡುವವನು ಭೂಮಿಯಿಂದ ಹೋದ ಗಣಿ ಕಂಪೆನಿಯ ಕಡೆ ನಿಲ್ಲಬೇಕೋ ಅಲ್ಲಿನ ನೀಲಿ ಜನರಾದ ನಾವಿಗಳ ಕಡೆಯೋ ಎಂದು ಆರಿಸಿಕೊಳ್ಳಬಹುದಿತ್ತು. ಹೊಸದರಲ್ಲಿ ಆ ಆಯ್ಕೆಯೇ ಇಲ್ಲ. ನೀವು ನಾವಿ, ಅಷ್ಟೇ. ಆದರೆ ಎಂಥ ನಾವಿ ಎಂಬುದೇ ನನ್ನನ್ನು ಹಿಡಿದು ಕೂರಿಸಿದ್ದು.

ಕಥೆ ಹೀಗಿದೆ. ಸರೆಂಟು ಎಂಬ ಕುಲದ ಪುಟ್ಟ ಮಕ್ಕಳನ್ನು ಗಣಿ ಕಂಪೆನಿಯವರು ಹಿಡಿದು ತಂದು ಒಂದು ಶಾಲೆಯಲ್ಲಿ ಇಡುತ್ತಾರೆ. ಅಲ್ಲಿ ಅವರಿಗೆ ಮನುಷ್ಯರ ಬಟ್ಟೆ, ಮನುಷ್ಯರ ಭಾಷೆ, ಮನುಷ್ಯರ ಶಿಸ್ತು. ತಮ್ಮ ಕುಲದ ಹಾಡು, ಕಥೆ, ಮಾತು ಯಾವುದೂ ಕೂಡದು. ಶಾಲೆಯ ಯಜಮಾನ ಮರ್ಸರ್ ಎಂಬವನು ಸಿಹಿಯಾಗಿ ಮಾತಾಡುತ್ತಾನೆ, ನಿಮ್ಮ ಒಳ್ಳೆಯದಕ್ಕೇ ಇದೆಲ್ಲ ಎನ್ನುತ್ತಾನೆ. ಅಲ್ಲಿಂದ ತಪ್ಪಿಸಿಕೊಳ್ಳಲು ಮುಂದಾದ ಅಹಾರಿ ಎಂಬ ಹುಡುಗಿಯನ್ನು ಆ ಯಜಮಾನನೇ ಕೊಲ್ಲುತ್ತಾನೆ. ಉಳಿದ ಮಕ್ಕಳನ್ನು ಬಚಾವು ಮಾಡಲು ಆಲ್ಮಾ ಎಂಬ ಟೀಚರು ಅವರನ್ನು ಯಂತ್ರದೊಳಗೆ ದೀರ್ಘ ನಿದ್ದೆಗೆ ಕಳಿಸುತ್ತಾಳೆ. ಅವರು ಏಳುವುದು ಹದಿನಾರು ವರ್ಷದ ನಂತರ.

ಈ ದೃಶ್ಯ ಬಂದಾಗ ನಾನು ಮಗನಿಗೆ ಒಂದು ವಿಷಯ ಹೇಳಿದೆ. ಇಂಥ ಶಾಲೆಗಳು ಪ್ಯಾಂಡೋರಾದಲ್ಲಿ ಮಾತ್ರವಲ್ಲ, ನಮ್ಮ ಭೂಮಿಯ ಮೇಲೆಯೇ ಇದ್ದವು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1879ರಲ್ಲಿ ಕಾರ್ಲೈಲ್ ಎಂಬಲ್ಲಿ ಒಂದು ಶಾಲೆ ತೆರೆದರು. ಮೂಲನಿವಾಸಿ ಮಕ್ಕಳನ್ನು ದೂರದೂರದಿಂದ ರೈಲಿನಲ್ಲಿ ತಂದು, ಉದ್ದ ಕೂದಲು ಕತ್ತರಿಸಿ, ಹೆಸರು ಬದಲಾಯಿಸಿ, ಮನೆಮಾತು ಆಡಿದರೆ ಶಿಕ್ಷೆ ಕೊಡುತ್ತಿದ್ದರು. ಕೆನಡಾದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಇಂಥ ವಸತಿ ಶಾಲೆಗಳನ್ನು ಹಾದುಹೋದರು. ಸಾವಿರಾರು ಮಕ್ಕಳು ಮನೆಗೆ ಮರಳಲೇ ಇಲ್ಲ. ಅಲ್ಲಿ ಕೊನೆಯ ಶಾಲೆ ಮುಚ್ಚಿದ್ದು 1990ರ ದಶಕದಲ್ಲಿ. ಅಂದರೆ ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ! 2008ರಲ್ಲಿ ಕೆನಡಾದ ಪ್ರಧಾನಿಯೂ ಆಸ್ಟ್ರೇಲಿಯಾದ ಪ್ರಧಾನಿಯೂ ತಂತಮ್ಮ ಸಂಸತ್ತಿನಲ್ಲಿ ನಿಂತು ಆ ಜನರ ಕ್ಷಮೆ ಕೇಳಿದರು. ಮಗ ಕಂಟ್ರೋಲರ್ ಕೆಳಗಿಟ್ಟು, "ನಿಜವಾಗಿಯೂ?" ಎಂದು ಎರಡು ಸಲ ಕೇಳಿದ. ಅವನ ಸಮಾಜ ಪುಸ್ತಕದಲ್ಲಿ ಇದು ಇಲ್ಲ.

ಈಗ ಆಟಕ್ಕೆ ಬರೋಣ. ಬಂದೀಖಾನೆಯ ಕತ್ತಲೆಯ ಕೊಳವೆಗಳಲ್ಲಿ ನುಸುಳಿ ಹೊರಬಿದ್ದ ಕ್ಷಣ ಎದುರಿಗೆ ಕಾಡು ತೆರೆದುಕೊಳ್ಳುತ್ತದೆ. ಸುಬ್‌ಹಾನಲ್ಲಾಹ್ ಎಂದು ನನ್ನ ಬಾಯಿಂದ ತಾನಾಗಿ ಬಂತು. ಮುಟ್ಟಿದರೆ ಮುದುಡುವ ಗಿಡ, ಮೆಟ್ಟಿದರೆ ಚಿಮ್ಮಿಸುವ ಎಲೆ, ರಾತ್ರಿ ತಾನಾಗಿ ಬೆಳಗುವ ಪಾಚಿ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಹತ್ತಿದವರಿಗೆ ಆ ಹಸಿರಿನ ವಾಸನೆ ಅರ್ಧ ಗೊತ್ತಿರುತ್ತದೆ. ನಾವಿಗಳು ಹತ್ತಡಿ ಎತ್ತರದವರಾದ್ದರಿಂದ, ಆಡುವವನ ಕಣ್ಣಿಗೆ ಮನುಷ್ಯರು ಸಣ್ಣ ಮಕ್ಕಳ ಹಾಗೆ ಕಾಣುತ್ತಾರೆ. ನಮ್ಮನ್ನೇ ಹೊರಗಿನಿಂದ ನೋಡಿದ ಹಾಗಾಗಿ ವಿಚಿತ್ರವೆನಿಸಿತು.

ಹಣ್ಣಿನ ವಿಷಯ ಹೇಳಲೇಬೇಕು. ಕೊಯ್ಯುವಾಗ ಕಂಟ್ರೋಲರಿನ ಕಡ್ಡಿಯನ್ನು ನಿಧಾನ ವಾಲಿಸುತ್ತ ಹೋಗಬೇಕು. ಸರಿಯಾದ ದಿಕ್ಕು ಸಿಕ್ಕಿದಾಗ ಅಂಗೈಯಲ್ಲಿ ಒಂದು ಸಣ್ಣ ನಡುಕ ತಿಳಿಯುತ್ತದೆ. ಆಗ ಕಿತ್ತರೆ ಹಣ್ಣು ಚೊಕ್ಕ, ಇಲ್ಲದಿದ್ದರೆ ಜಜ್ಜಿಹೋಗುತ್ತದೆ. ಕೆಲವು ಹಣ್ಣು ಮಳೆಯಲ್ಲಿ ಕೊಯ್ದರೆ ಚೆನ್ನ, ಕೆಲವು ರಾತ್ರಿ ಕೊಯ್ದರೆ. ಬಾಲ್ಯವಿಡೀ ದೋಟಿ ಹಿಡಿದು ಮಾವು ಕೆಡವಿದವಳು ನಾನು, ಇದೇನು ಮಹಾ ಎಂದು ಕಂಟ್ರೋಲರ್ ತೆಗೆದುಕೊಂಡೆ. ಮೂರು ಹಣ್ಣು ಜಜ್ಜಿದೆ. ಮಗ ನೆಲದ ಮೇಲೆ ಬಿದ್ದು ನಕ್ಕ. ನಾಲ್ಕನೆಯದು ಸರಿಯಾಗಿ ಬಂತು, ಆಗ ಅವನೇ ಚಪ್ಪಾಳೆ ತಟ್ಟಿದ. ನಾವಿಬ್ಬರೂ ಹೀಗೆ ಒಟ್ಟಿಗೆ ನಕ್ಕು ಎಷ್ಟು ದಿನವಾಗಿತ್ತೋ! ಕೊಯ್ದದ್ದನ್ನು ಎರಡೆರಡು ಬಗೆ ಸೇರಿಸಿ ಒಲೆಯ ಮೇಲೆ ಅಡುಗೆಯನ್ನೂ ಮಾಡಬೇಕು. ಯಾವುದರ ಜೊತೆ ಯಾವುದು ಹೊಂದುತ್ತದೆ ಎಂದು ತಲೆ ಕೆಡಿಸಿಕೊಂಡು ಕೂತಿದ್ದ ಮಗನನ್ನು ನೋಡಿ, ನಮ್ಮ ಅಡುಗೆಮನೆಯ ದಾರಿ ತೋರಿಸಿದೆ. ಅದಕ್ಕೆ ಮಾತ್ರ ಅವನ ಕಿವಿ ಕೇಳಿಸಲಿಲ್ಲ.

ಬೇಟೆಯೂ ಇದೆ. ಬಂದೂಕಿನಿಂದ ಹೊಡೆದರೆ ಅಥವಾ ಬಾಣದ ಮೇಲೆ ಬಾಣ ಬಿಟ್ಟು ಪ್ರಾಣಿಯನ್ನು ನರಳಿಸಿದರೆ ಮಾಂಸ ಕೆಡುತ್ತದೆ. ಮರ್ಮ ತಿಳಿದು ಒಂದೇ ಬಾಣದಲ್ಲಿ ನೋವಿಲ್ಲದೆ ಮುಗಿಸಬೇಕು. ಬಕ್ರೀದಿನ ದಿನ ಇವನ ತಂದೆ ಚೂರಿ ಮಸೆಯುತ್ತ, ಪ್ರಾಣಿಗೆ ಸಂಕಟವಾಗದಂತೆ ನೋಡಿಕೊಳ್ಳುವುದೂ ಪ್ರವಾದಿಯವರು(ಸ) ಕಲಿಸಿದ್ದು ಎಂದು ಹೇಳಿದ್ದನ್ನು ಮಗನೇ ನೆನಪಿಸಿಕೊಂಡ.

ಮೆಚ್ಚುಗೆಯಷ್ಟೇ ಬರೆದರೆ ಅರ್ಧ ಸುಳ್ಳಾದೀತು. ಕಂಪೆನಿಯ ನೆಲೆಗಳಿಗೆ ನುಗ್ಗಿ, ಯಂತ್ರ ಕೆಡಿಸಿ, ಕಾವಲಿನವರನ್ನು ಕೊಲ್ಲುವ ಭಾಗ ಉದ್ದಕ್ಕೂ ಬರುತ್ತದೆ. ಮೊದಲ ನೆಲೆ ನಾಶವಾಗಿ, ಹೊಗೆ ಕರಗಿ, ಕಪ್ಪಾಗಿದ್ದ ನೆಲದಲ್ಲಿ ಗಿಡ ಚಿಗುರಿದಾಗ ಸಂತೋಷವಾಯಿತು. ಮೂರನೆಯದರ ಹೊತ್ತಿಗೆ ನನಗೆ ಆಕಳಿಕೆ. ಆ ಕಾವಲಿನವರಿಗೆ ಮುಖವೇ ಇಲ್ಲ, ಟೋಪಿ ಮತ್ತು ಮುಖವಾಡ ಮಾತ್ರ. ಬಾಣ ತಾಗಿ ಒಬ್ಬ ಬಿದ್ದಾಗ, ಅವನಿಗೂ ಮನೆಯಲ್ಲಿ ಯಾರೋ ಕಾಯುತ್ತಿರಬಹುದಲ್ಲ ಎಂದೆ. "ಅವರು ಕೆಟ್ಟವರು ಮಮ್ಮಿ" ಎಂದ. ಆಲ್ಮಾ ಟೀಚರೂ ಅದೇ ಕಂಪೆನಿಯಲ್ಲಿದ್ದವಳಲ್ಲವೇ ಎಂದು ಕೇಳಿದೆ. ಉತ್ತರ ಕೊಡಲಿಲ್ಲ. ಆದರೆ ಮುಂದಿನ ನೆಲೆಯಲ್ಲಿ ಆದಷ್ಟೂ ಅಡಗಿ ಹೋಗಿ ಯಂತ್ರ ಮಾತ್ರ ಕೆಡಿಸಲು ಪ್ರಯತ್ನಿಸಿದ. ಸಿಕ್ಕಿಬಿದ್ದ, ಬೇರೆ ಮಾತು.

ಇನ್ನೊಂದು, ನಿಮ್ಮಲ್ಲಿ ಕೆಲವರು ಖಂಡಿತ ಕೇಳುವ ಪ್ರಶ್ನೆ. ನಾವಿಗಳು ಐವಾ ಎಂಬ ಶಕ್ತಿಯನ್ನು ನಂಬುತ್ತಾರೆ, ಮರಗಳ ಮೂಲಕ ಅದರೊಡನೆ ಮಾತಾಡುತ್ತಾರೆ. ಇದು ನಮ್ಮ ನಂಬಿಕೆಯಲ್ಲ. ನಾನು ಅದನ್ನು ಮುಚ್ಚಿಡಲೂ ಹೋಗಲಿಲ್ಲ, ರಿಮೋಟ್ ಎಸೆಯಲೂ ಇಲ್ಲ. ನಮ್ಮ ಪ್ರಕಾರ ಈ ಮರಗಳನ್ನೂ ಹುಟ್ಟಿಸಿದವನು ಯಾರು ಎಂದು ಕೇಳಿದೆ. "ಅದು ನಂಗೆ ಗೊತ್ತಿಲ್ವಾ?" ಎಂದು ಬೇಸರದಿಂದ ಹೇಳಿದ. ಇಷ್ಟು ಸಾಕೆಂದು ನನಗನಿಸಿತು. ನಿಮಗೆ ಸಾಲದು ಎನಿಸಿದರೆ, ನಿಮ್ಮ ಮನೆಯ ತೀರ್ಮಾನ ನಿಮ್ಮದು.

ಈಗ ನನಗೆ ಚುಚ್ಚಿದ ಸಂಗತಿ. ಎಚ್ಚರವಾದ ಆ ಮಕ್ಕಳು ತಮ್ಮ ಜನರ ನಡುವೆ ಹೋದರೆ, ಅವರಿಗೆ ಏನೂ ಗೊತ್ತಿಲ್ಲ. ವಂದಿಸುವುದು ಹೇಗೆ, ಬಿಲ್ಲು ಹಿಡಿಯುವುದು ಹೇಗೆ, ಯಾವ ಹಾಡು ಯಾವಾಗ ಹಾಡಬೇಕು, ಎಲ್ಲವನ್ನೂ ಹೊರಗಿನವರಂತೆ ಕಲಿಯಬೇಕು. ಕಾಡಿನ ಅರಾನಾಹೆ ಕುಲದ ನೇಕಾರರು ಇವರನ್ನು ಮರುಕದಿಂದಲೂ ಸ್ವಲ್ಪ ಅನುಮಾನದಿಂದಲೂ ನೋಡುತ್ತಾರೆ. ನಾವಿ ಭಾಷೆಯನ್ನು ಸಿನಿಮಾಕ್ಕಾಗಿಯೇ ಪಾಲ್ ಫ್ರಾಮರ್ ಎಂಬ ಭಾಷಾತಜ್ಞರು ವ್ಯಾಕರಣ ಸಮೇತ ರಚಿಸಿದರಂತೆ. ಒಂದೇ ವಾರದಲ್ಲಿ ನನ್ನ ಮಗ ಅದರ ವಂದನೆಯನ್ನು ಕಲಿತ. ಜುಬೈಲ್‌ನಲ್ಲಿರುವ ನನ್ನಣ್ಣನ ಮಗನೂ ಇದೇ ಗೇಮ್ ಇಟ್ಟುಕೊಂಡಿದ್ದಾನೆ, ಇಬ್ಬರೂ ಜೊತೆಯಾಗಿ ಆಡುವ ಅವಕಾಶ ಅದರಲ್ಲಿದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅಲ್ಲಿಂದ ಅವನು, ಇಲ್ಲಿಂದ ಇವನು ನಾವಿಯಲ್ಲಿ ವಂದಿಸಿಕೊಳ್ಳುತ್ತಾರೆ.

ಅದೇ ಸಂಜೆ ಬಂಟ್ವಾಳದಿಂದ ನನ್ನ ಉಮ್ಮನ ಫೋನ್. ಮೊಮ್ಮಗನಿಗೆ ಕೊಟ್ಟೆ. ಅವರು ಬ್ಯಾರಿಯಲ್ಲಿ ಏನೋ ಕೇಳಿದರು. ಇವನು "ಹಾಂ, ಫೈನ್" ಎಂದು ಹೇಳಿ ಫೋನ್ ನನ್ನ ಕೈಗೆ ಹಿಂದಿರುಗಿಸಿದ. ಎಲ್ಲೂ ಇಲ್ಲದ ಲೋಕದ ಮಾತು ಬರುತ್ತದೆ, ಅಜ್ಜಿಯ ಮಾತು ಬರುವುದಿಲ್ಲವೇ ಎಂದು ರೇಗಿದೆ. ಅವನು ಜೋರು ಮಾಡಲಿಲ್ಲ. ಟಿ.ವಿ.ಯಿಂದ ಕಣ್ಣು ತೆಗೆಯದೆ, "ನೀವು ನನ್ನ ಹತ್ರ ಬ್ಯಾರಿಯಲ್ಲಿ ಮಾತಾಡಿದ್ದು ಯಾವಾಗ?" ಎಂದು ಕೇಳಿದ.

ಸಹೋದರಿಯರೇ, ಲೆಕ್ಕ ಹಾಕಿದೆ. ಬೆಂಗಳೂರಿಗೆ ಬಂದ ಮೇಲೆ, ಎಲ್‌ಕೆಜಿ ಸಂದರ್ಶನಕ್ಕೆ ತಯಾರಿ ಮಾಡುವಾಗ, ಮನೆಯಲ್ಲೂ ಇಂಗ್ಲಿಷ್ ಆಡಿ ಎಂದು ಯಾರೋ ಹೇಳಿದ ದಿನದಿಂದ ನಿಲ್ಲಿಸಿದ್ದು. ಗಂಡನೂ ನಾನೂ ಜಗಳಾಡುವುದು ಮಾತ್ರ ಇಂದಿಗೂ ಬ್ಯಾರಿಯಲ್ಲಿ. ಮಗನಿಗೆ ಆ ಭಾಷೆ ಅಂದರೆ ನಮ್ಮ ಜಗಳದ ಭಾಷೆ. ನಮ್ಮನ್ನು ಯಾವ ಮರ್ಸರನೂ ಹಿಡಿದು ತಂದಿರಲಿಲ್ಲ.

ರಜೆಯ ಕೊನೆಯ ಮೂರು ದಿನಕ್ಕೆ ಉಮ್ಮ ಬಂದರು. ಅಸರ್ ನಮಾಝ್ ಮುಗಿಸಿ, ಚಾ ಹಿಡಿದು ಮೊಮ್ಮಗನ ಪಕ್ಕ ಕುಳಿತರು. ನೀಲಿ ಮನುಷ್ಯರನ್ನು ಕಂಡು ಮೊದಲು ಗಾಬರಿ, ಆಮೇಲೆ ಕುತೂಹಲ. ಅವನು ಹಣ್ಣು ಕೊಯ್ಯಲು ಮರದ ಬಳಿ ನಿಂತಾಗ, ಅದು ಹಣ್ಣಾಗಿದೆಯೋ ಇನ್ನೂ ಕಾಯಿಯೋ ಎಂದು ಬ್ಯಾರಿಯಲ್ಲಿ ಕೇಳಿದರು. ಮಗ ನನ್ನ ಮುಖ ನೋಡಿದ. ಅರ್ಥ ಹೇಳಲು ಬಾಯಿ ತೆರೆದೆ. ಉಮ್ಮ ಕೈ ಸನ್ನೆಯಲ್ಲೇ ನನ್ನನ್ನು ಸುಮ್ಮನಿರಿಸಿ, ಅದೇ ಪ್ರಶ್ನೆಯನ್ನು ಇನ್ನೊಮ್ಮೆ, ನಿಧಾನವಾಗಿ ಕೇಳಿದರು. ಅವನು ಅರ್ಧ ಕನ್ನಡ, ಅರ್ಧ ಬ್ಯಾರಿಯಲ್ಲಿ ಏನೋ ತಡವರಿಸಿದ. ಉಮ್ಮ ಒಂದು ಪದ ತಿದ್ದಿದರು. ಅದನ್ನು ಸರಿಯಾಗಿ ಹೇಳುವ ಗಡಿಬಿಡಿಯಲ್ಲಿ ಅವನ ಬೆರಳು ಜೋರಾಗಿ ಒತ್ತಿ, ಹಣ್ಣು ಜಜ್ಜಿಹೋಯಿತು.

ಮರದಲ್ಲಿ ಇನ್ನೂ ಇದೆಯಲ್ಲ, ಬೇರೆ ಕೊಯ್ಯಿ ಎಂದರು ಉಮ್ಮ. ಇದು ಅವನಿಗೆ ಅರ್ಥವಾಯಿತು.