ಹೂಟಗಳ್ಳಿಯ ಹೊಗೆಗೂ ಒಂದು ಲೆಕ್ಕವಿರಲಿ

ಹೂಟಗಳ್ಳಿ, ಹಿನಕಲ್, ಕೂರ್ಗಳ್ಳಿಗಳ ಕಡೆಯಿಂದ ನಮ್ಮಲ್ಲಿಗೆ ಚಿಕಿತ್ಸೆಗೆ ಬರುವ ಸದ್ಭಕ್ತರು ಇತ್ತೀಚೆಗೆ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ: ನಮ್ಮ ಕಡೆಯ ಗಾಳಿ ಮೊದಲಿಗಿಂತ ಕೆಟ್ಟಿದೆಯೋ, ಸುಧಾರಿಸಿದೆಯೋ? ಕೆಮ್ಮು, ಉಬ್ಬಸಗಳಿಂದ ನರಳುವವರು ಹೀಗೆ ಕೇಳುವುದು ಸಹಜವೇ. ಆದರೆ ನಾಡಿ ಹಿಡಿದು ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಮಾಗಿಯ ದಿನಗಳಲ್ಲಿ ಉಬ್ಬಸದ ರೋಗಿಗಳು ಹೆಚ್ಚಿದರೆಂಬ ಮಾತ್ರಕ್ಕೆ ಗಾಳಿ ಕೆಟ್ಟಿತೆನ್ನಲಾಗದು; ಚಳಿ, ಪರಾಗ, ಸೋಂಕು, ಯಾವುದೂ ಕಾರಣವಾಗಿರಬಹುದು. ಇದು ಲೆಕ್ಕ ಮಾಡಿ ಉತ್ತರಿಸಬೇಕಾದ ಪ್ರಶ್ನೆ. ಆ ಲೆಕ್ಕವನ್ನು ಸಂಬಂಧಪಟ್ಟವರು ಈಗಲೇ ಆರಂಭಿಸಬೇಕೆಂಬುದು ನಮ್ಮ ಅಭಿಪ್ರಾಯ.

ಚರಕಸಂಹಿತೆಯ ವಿಮಾನಸ್ಥಾನದ 3ನೆಯ ಅಧ್ಯಾಯವು ಇಡೀ ಜನಪದವೇ ರೋಗಕ್ಕೆ ತುತ್ತಾಗುವುದು ಹೇಗೆಂಬುದನ್ನು ಚರ್ಚಿಸುತ್ತ, ವಾಯು, ಜಲ, ದೇಶ, ಕಾಲ ಎಂಬ ನಾಲ್ಕರ ದೂಷಣೆಯನ್ನು ಕಾರಣವಾಗಿ ಹೇಳುತ್ತದೆ. ಅದೇ ಗ್ರಂಥ ಶ್ವಾಸರೋಗದ ಕಾರಣಗಳಲ್ಲಿ ಧೂಳನ್ನೂ ಹೊಗೆಯನ್ನೂ ಹೆಸರಿಸುತ್ತದೆ. ಇಷ್ಟರಿಂದಲೇ ಇಂದಿನ ಸೂಕ್ಷ್ಮಕಣಗಳ ವಿಜ್ಞಾನವೆಲ್ಲ ಅಂದೇ ತಿಳಿದಿತ್ತೆಂದು ವಾದಿಸುವವರ ಜೊತೆಗೆ ನಾವು ಸೇರುವುದಿಲ್ಲ. ಪಿ.ಎಂ. 2.5 ಎಂಬುದು 2.5 ಮೈಕ್ರಾನ್ ಅಥವಾ ಅದಕ್ಕಿಂತ ಕಿರಿದಾದ ಕಣ. ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲು. ಮೂಗು, ಗಂಟಲುಗಳ ಕಾವಲನ್ನು ದಾಟಿ ಶ್ವಾಸಕೋಶದ ಗಾಳಿಗೂಡುಗಳ ತನಕ ಇಳಿಯುವುದರಿಂದ ಅದರ ಕೇಡು ಕೆಮ್ಮಿಗೇ ನಿಲ್ಲದೆ ಹೃದಯಾಘಾತ, ಪಾರ್ಶ್ವವಾಯುಗಳವರೆಗೂ ಚಾಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2013ರಲ್ಲಿ ಹೊರಗಣ ವಾಯುಮಾಲಿನ್ಯವನ್ನು ಕ್ಯಾನ್ಸರ್‌ಕಾರಕವೆಂದೇ ವರ್ಗೀಕರಿಸಿತು.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿಕೊಳ್ಳಬೇಕು. ಒಲೆ ಎಷ್ಟು ಹೊಗೆ ಉಗುಳಿತು ಎಂಬುದು ಒಂದು. ಅಡುಗೆಮನೆಯಲ್ಲಿ ಎಷ್ಟು ಹೊಗೆ ನಿಂತಿದೆ ಎಂಬುದು ಇನ್ನೊಂದು. ಕಿಟಕಿ ತೆರೆದರೆ ಎರಡನೆಯದು ತಗ್ಗುತ್ತದೆ, ಮೊದಲನೆಯದು ತಗ್ಗುವುದಿಲ್ಲ. ಊರಿಗೆ ಕಿಟಕಿಯೆಂದರೆ ಗಾಳಿ ಮತ್ತು ಮಳೆ. ಆಷಾಢದ ಗಾಳಿಯಲ್ಲಿ ಮಾಪಕದ ಅಂಕಿ ಇಳಿದರೆ ಯಾವ ಕಾರ್ಖಾನೆಯೂ ಯಾವ ವಾಹನವೂ ಸುಧಾರಿಸಿತೆಂದು ಅರ್ಥವಲ್ಲ. ಚಳಿಗಾಲದ ಮುಂಜಾನೆ ತಣ್ಣನೆಯ ಗಾಳಿ ನೆಲಕ್ಕಂಟಿ ನಿಂತಾಗ ಅದೇ ಹೊಗೆ ಹಲವು ಪಟ್ಟು ದಟ್ಟವಾಗಿ ಕಾಣುತ್ತದೆ. ಸಮೀಪದ ಹೆಬ್ಬಾಳದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ನಿರಂತರ ಮಾಪನ ಕೇಂದ್ರವಿದೆ. ಅದು ತೋರಿಸುವುದು ನಿಂತ ಹೊಗೆಯನ್ನು. ಉಗುಳಿದ ಹೊಗೆಯನ್ನು ನಾವೇ ಲೆಕ್ಕ ಹಾಕಬೇಕು.

ಲೆಕ್ಕದ ಕ್ರಮ ಕಠಿಣವೇನಲ್ಲ. ಯಾವ ಕೆಲಸ ಎಷ್ಟು ನಡೆಯಿತು ಎಂಬುದನ್ನು, ಆ ಕೆಲಸದ ಒಂದು ಘಟಕಕ್ಕೆ ಎಷ್ಟು ಕಣ ಹೊರಬೀಳುತ್ತದೆ ಎಂಬುದರಿಂದ ಗುಣಿಸಬೇಕು. ಹೊರವಲಯದ ಮನೆಗಳಲ್ಲಿ ಇನ್ನೂ ಉಳಿದಿರುವ ಬಚ್ಚಲ ಒಲೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ಮನೆ ದಿನಕ್ಕೆ 4 ಕಿಲೋ ಸೌದೆ ಉರಿಸುತ್ತದೆ, ಕಿಲೋ ಸೌದೆಗೆ 5 ಗ್ರಾಂ ಸೂಕ್ಷ್ಮಕಣ ಏಳುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ 7.3 ಕಿಲೋ ಆಯಿತು. ಇಂತಹ ಮನೆ ಸಾವಿರವಿದ್ದರೆ 7.3 ಟನ್. ಹತ್ತು ವರ್ಷದಲ್ಲಿ ಸೌರ ಹೀಟರು, ಗ್ಯಾಸುಗಳು ಬಂದು ನಾನೂರು ಮನೆಯಷ್ಟೇ ಉಳಿದರೆ ಸುಮಾರು 2.9 ಟನ್, ಶೇ. 60ರಷ್ಟು ಇಳಿಕೆ.

ಈಗ ಮೋಸ ಎಲ್ಲಿ ನುಸುಳುತ್ತದೆಂದು ನೋಡಿ. ಹೊಸ ಪರೀಕ್ಷೆಗಳ ಬಳಿಕ ತಜ್ಞರು ಕಿಲೋಗೆ 5 ಅಲ್ಲ, 7 ಗ್ರಾಂ ಎಂದು ತಿದ್ದಿದರೆನ್ನಿ. ನಾನೂರು ಮನೆಯ ಲೆಕ್ಕ 4.1 ಟನ್ನಿಗೆ ಏರುತ್ತದೆ. ಹಳೆಯ ಪುಸ್ತಕದ 7.3ರ ಪಕ್ಕದಲ್ಲಿ ಅದನ್ನಿಟ್ಟರೆ ಇಳಿಕೆ ಶೇ. 44 ಮಾತ್ರ ಎಂದು ತೋರುತ್ತದೆ. ಹಳೆಯ ವರ್ಷವನ್ನೂ 7 ಗ್ರಾಂನಿಂದಲೇ ಮತ್ತೆ ಗುಣಿಸಿದಾಗ 10.2 ಟನ್ ಆಗಿ, ಶೇ. 60ರ ನಿಜ ಹೊರಬರುತ್ತದೆ. ಅಳತೆಗೋಲು ಬದಲಾದಾಗಲೆಲ್ಲ ಹಿಂದಿನ ವರ್ಷಗಳನ್ನೂ ಅದರಿಂದಲೇ ಅಳೆಯಬೇಕು. ಹೀಗೆ ಮಾಡದೆ ಪ್ರಕಟವಾಗುವ ಏರಿಳಿತದ ಸುದ್ದಿಗಳನ್ನು ನಾವಂತೂ ನಂಬುವುದಿಲ್ಲ, ಅವು ಸಿಹಿಯಾಗಿರಲಿ, ಕಹಿಯಾಗಿರಲಿ.

ವಾಹನಗಳ ವಿಷಯ ಇನ್ನೂ ತೊಡಕಿನದು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿ.ಎಸ್. 6 ಮಾನದಂಡ ಜಾರಿಗೆ ಬಂತು. ಡೀಸೆಲ್ ಕಾರು ಕಿಲೋಮೀಟರಿಗೆ ಉಗುಳಬಹುದಾದ ಕಣದ ಮಿತಿ 25 ಮಿಲಿಗ್ರಾಂನಿಂದ 4.5ಕ್ಕೆ ಇಳಿಯಿತು. ದೊಡ್ಡ ಗಳಿಕೆಯೇ ಸರಿ. ಆದರೆ ಒಂದು ಹಳೆಯ ಕಾರಿನ ಜಾಗಕ್ಕೆ ಐದು ಹೊಸ ಕಾರು ಬಂದರೆ ಆ ಗಳಿಕೆ ಹೆಚ್ಚುಕಡಿಮೆ ಕರಗಿತು. ಮೇಲಾಗಿ ಟೈರು, ಬ್ರೇಕುಗಳ ಸವೆತಕ್ಕೂ ರಸ್ತೆಯ ಧೂಳಿಗೂ ಈ ಮಿತಿ ಅನ್ವಯಿಸುವುದಿಲ್ಲ. ಕಾರ್ಖಾನೆಗಳ ಬಾಯ್ಲರು, ಜನರೇಟರುಗಳ ಇಂಧನದ ವಿವರ 1981ರ ವಾಯು ಕಾಯ್ದೆಯಡಿ ಮಂಡಳಿ ನೀಡುವ ಸಮ್ಮತಿಯ ಕಡತಗಳಲ್ಲಿರುತ್ತದೆ; ಅದನ್ನು ಕೂಡಿಸುವ ಮನಸ್ಸು ಬೇಕು, ಅಷ್ಟೆ. ಖಾಲಿ ನಿವೇಶನಗಳಲ್ಲಿ ಸುಡುವ ಕಸಕ್ಕೆ ಮಾತ್ರ ಯಾವ ಕಡತವೂ ಇಲ್ಲ.

ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮ 2019ರಲ್ಲಿ ಆರಂಭವಾದಾಗ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳು ಪಟ್ಟಿಯಲ್ಲಿದ್ದವು, ಮೈಸೂರು ಇರಲಿಲ್ಲ. ಇದನ್ನು ಹಲವರು ಪ್ರಶಸ್ತಿಪತ್ರದಂತೆ ಹಿಡಿದು ಓಡಾಡುತ್ತಾರೆ. ಆದರೆ ನಮ್ಮ ದೇಶದ 2009ರ ಮಾನಕ ಪಿ.ಎಂ. 2.5ಕ್ಕೆ ಘನ ಮೀಟರಿಗೆ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂವರೆಗೆ ಅವಕಾಶ ಕೊಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಪ್ರಮಾಣ 5. ಮಿತಿಯೊಳಗಿದ್ದೇವೆ ಎಂಬ ಮಾತಿಗೆ ಯಾರ ಮಿತಿ ಎಂದು ಕೇಳಬೇಕಾಗುತ್ತದೆ. ಗಾಳಿ ಪೂರ್ತಿ ಹದಗೆಡುವ ಮುನ್ನವೇ ಮೂಲ ವರ್ಷವೊಂದನ್ನು ದಾಖಲಿಸಿಕೊಂಡ ಊರಿಗೆ ಮುಂದೆ ಹೋಲಿಸಲು ಆಧಾರವಿರುತ್ತದೆ. ದೇಶದ ಆರು ನಗರಗಳಲ್ಲಿ ಮಾಲಿನ್ಯದ ಮೂಲಗಳನ್ನು ಅಳೆದ ಕೇಂದ್ರ ಮಂಡಳಿಯ ಅಧ್ಯಯನದಲ್ಲಿ ಬೆಂಗಳೂರಿಗೆ ಸ್ಥಾನ ಸಿಕ್ಕಿತ್ತು. ಗ್ರಾಮ ಪಂಚಾಯಿತಿಯಿಂದ ನಗರಸಭೆಯಾಗಿ ಬೆಳೆದ ಹೂಟಗಳ್ಳಿಗೆ ಅಷ್ಟು ದೊಡ್ಡ ಅಧ್ಯಯನ ಬೇಡ. ಮನೆಮನೆಯ ಸೌದೆ, ವಾಹನ, ಕಾರ್ಖಾನೆಯ ಇಂಧನ, ಕಟ್ಟಡ ಕಾಮಗಾರಿ, ಸುಟ್ಟ ಕಸ ಇವುಗಳ ಒಂದು ವರ್ಷದ ಪಟ್ಟಿ ಸಾಕು. ಎರಡು ವರ್ಷಕ್ಕೊಮ್ಮೆ ಅದೇ ಪಟ್ಟಿಯನ್ನು ತುಂಬಲಿ. ಸಮೀಪದ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಇದನ್ನು ಸಂತೋಷದಿಂದಲೇ ಮಾಡಿಯಾರು.

ದಾಸೋಹದ ಅಡುಗೆಗೆ ಸೌದೆ ಬಳಸುವ ಕಡೆಗಳಲ್ಲಿ ತಿಂಗಳಿಗೆ ಎಷ್ಟು ಕ್ವಿಂಟಾಲ್ ಬಂತೆಂಬುದು ಉಗ್ರಾಣದ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಅಂತಹ ಪುಸ್ತಕ ಇರುವವರು ಲೆಕ್ಕವನ್ನು ಅಲ್ಲಿಂದಲೇ ತೊಡಗಬಹುದು.

ಅಲ್ಲಿಯವರೆಗೆ ರೋಗಿಗಳಿಗೆ ನಮ್ಮ ಸೂಚನೆ ಇಷ್ಟು. ಆಡುಸೋಗೆ, ಜ್ಯೇಷ್ಠಮಧುಗಳ ಕಷಾಯ ಗಂಟಲಿಗೆ ಹಿತ ನೀಡೀತು, ಒಳಸೇರಿದ ಸೂಕ್ಷ್ಮಕಣವನ್ನು ಹೊರದಬ್ಬಲಾರದು. ಅಲೋಪಥಿ ವೈದ್ಯರು ಕೊಟ್ಟ ಇನ್ಹೇಲರನ್ನು ನಮ್ಮ ಔಷಧಿಯ ನೆಪದಲ್ಲಿ ನಿಲ್ಲಿಸಬೇಡಿ. ಮಾಗಿಯಲ್ಲಿ ವಾಯುವಿಹಾರವನ್ನು ಬಿಸಿಲೇರಿದ ಮೇಲೆ, ಹೆದ್ದಾರಿಯಿಂದ ದೂರದ ಬೀದಿಗಳಲ್ಲಿ ಇಟ್ಟುಕೊಳ್ಳಿ. ಬಚ್ಚಲ ಒಲೆಗೆ ಪ್ಲಾಸ್ಟಿಕ್, ಬಣ್ಣ ಬಳಿದ ಮರದ ಚೂರುಗಳನ್ನು ಎಂದಿಗೂ ಹಾಕಬೇಡಿ.