ಪಂಕ್ತಿಯಿಂದ ಪಾಠಕ್ಕೆ

ಅನ್ನ ಮತ್ತು ಅಕ್ಷರ, ಈ ಎರಡು ದಾಸೋಹಗಳನ್ನು ಒಂದೇ ಅಂಗಳದಲ್ಲಿ ನಡೆಸಿಕೊಂಡು ಬಂದುದು ಶರಣಪರಂಪರೆಯ ಮಠಗಳ ಹಿರಿಮೆ. ಸಿದ್ಧಗಂಗೆಯ ಲಿಂಗೈಕ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು (1907–2019) ಇವೆರಡರೊಡನೆ ಆಶ್ರಯವನ್ನೂ ಸೇರಿಸಿ ತ್ರಿವಿಧ ದಾಸೋಹವನ್ನು ನಡೆಸಿದುದು ಲೋಕವಿದಿತ. 2002ರಲ್ಲಿ ಆರಂಭವಾದ ಶಾಲಾಮಕ್ಕಳ ಬಿಸಿಯೂಟಕ್ಕೆ ಸರಕಾರವು ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟಾಗ ಮಠದ ಮಾತೇ ನಾಡಿನ ಮಾತಾಯಿತು.

ಆದರೂ ಈ ಎರಡು ದಾಸೋಹಗಳು ನೆರೆಹೊರೆಯಲ್ಲಿದ್ದೂ ಪರಸ್ಪರ ಪರಿಚಯವಿಲ್ಲದಂತೆ ಇವೆ. ಒಂದನೆಯ ಇಯತ್ತೆಯ ಮಗು ಪುಸ್ತಕದ ಬಣ್ಣದ ಚಿತ್ರದ ಮೇಲೆ ಬೆರಳಿಟ್ಟು ‘ಇದು ಆಹಾರ’ ಎಂದು ಒಪ್ಪಿಸುತ್ತಿರುವಾಗಲೇ ಗೋಡೆಯಾಚೆ ಬೇಳೆ ಕುದಿಯುತ್ತಿರುತ್ತದೆ. ಆ ಪರಿಮಳ ತರಗತಿಯೊಳಕ್ಕೆ ಬರುತ್ತದೆ, ಪಾಠದೊಳಕ್ಕೆ ಬರುವುದಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ನಿವೇದಿಸಬೇಕು. ಹಿರಿಯ ತರಗತಿಗಳಿಗೆ ವ್ಯಾಕರಣ, ಛಂದಸ್ಸು ಹೇಳುವ ನಾನು ಒಮ್ಮೆ, ಸಹೋದ್ಯೋಗಿಯೊಬ್ಬರು ರಜೆಯಲ್ಲಿದ್ದಾಗ, ಎರಡನೆಯ ಇಯತ್ತೆಯ ಮಕ್ಕಳ ಮುಂದೆ ನಿಂತೆ. ಆಹಾರದ ಪಾಠ. ಪುಸ್ತಕ ಬೇಡ, ಅನುಭವದಿಂದ ಕಲಿಸೋಣವೆಂದು, ‘ಮುಂಜಾನೆ ಏನು ಉಂಡು ಬಂದಿರಿ?’ ಎಂದು ಸಾಲಾಗಿ ಕೇಳುತ್ತ ಹೋದೆ. ರೊಟ್ಟಿ-ಪಲ್ಯ, ಉಪ್ಪಿಟ್ಟು, ಅವಲಕ್ಕಿ ಎಂದು ಉತ್ತರಗಳು ಬಂದವು. ಸಾಲಿನ ಕೊನೆಯ ಹುಡುಗ ತುಸು ತಡೆದು, ಪಕ್ಕದವನ ಮಾತನ್ನೇ ಹಿಡಿದು, ‘ಅವಲಕ್ಕಿರೀ ಸರ’ ಎಂದ. ಮಧ್ಯಾಹ್ನ ಪಂಕ್ತಿಯಲ್ಲಿ ಅವನು ಉಂಡ ಬಗೆಯನ್ನು ಕಂಡಾಗ, ಮುಂಜಾನೆ ಅವನು ಏನನ್ನೂ ಉಂಡಿರಲಿಲ್ಲವೆಂದು ತಿಳಿಯಿತು. ಅಂದು ಆ ಮಗುವಿಗೆ ನಾನು ಅಕ್ಷರ ಕಲಿಸಲಿಲ್ಲ. ಸುಳ್ಳು ಹೇಳುವುದನ್ನು ಕಲಿಸಿದೆ.

ಆದುದರಿಂದ ನನ್ನ ಅಭಿಪ್ರಾಯವಿಷ್ಟೆ: ಎಳೆಯ ಮಕ್ಕಳಿಗೆ ಆಹಾರದ ಮೂಲಕ ಕಲಿಸುವುದು ಅತ್ಯುತ್ತಮ ಮಾರ್ಗ; ಆದರೆ ಆ ಪಾಠವು ಅವರ ಮನೆಯ ಒಲೆಯಿಂದಲ್ಲ, ಶಾಲೆಯ ಪಂಕ್ತಿಯಿಂದ ಆರಂಭವಾಗಬೇಕು. ಮನೆಮನೆಯ ತಟ್ಟೆ ಬೇರೆ. ಪಂಕ್ತಿಯ ತಟ್ಟೆ ಒಂದೇ. ಅಲ್ಲಿ ಯಾವ ಮಗುವೂ ಉತ್ತರಕ್ಕಾಗಿ ಪಕ್ಕದವನ ಮುಖ ನೋಡಬೇಕಾಗಿಲ್ಲ.

ಇದರಿಂದ ಕಲಿಕೆ ಬಡವಾಗುವುದೆಂಬ ಶಂಕೆ ಬೇಡ. ಬಿಸಿಯೂಟದಲ್ಲಿ ಐದನೆಯ ತರಗತಿಯವರೆಗಿನ ಪ್ರತಿ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯವೆಂದು ಲೆಕ್ಕ. ಹತ್ತು ಮಕ್ಕಳನ್ನು ಎಣಿಸಿ ಒಂದು ಕಿಲೋ ಅಕ್ಕಿಯನ್ನು ಅವರ ಕೈಯಿಂದಲೇ ತೂಗಿಸಿದರೆ ಅಂಕಗಣಿತಕ್ಕೆ ಬೇರೆ ಪೀಠಿಕೆ ಬೇಕಿಲ್ಲ. ಅಕ್ಕಿಯ ಪಕ್ಕದಲ್ಲಿ ಒಂದು ಹಿಡಿ ಬಿಳಿಜೋಳವನ್ನಿಟ್ಟರೆ ಭೂಗೋಲ ತೆರೆಯುತ್ತದೆ: ಅದು ಗಂಗಾವತಿಯಂಥ ನೀರಾವರಿ ಸೀಮೆಯ ಬೆಳೆ, ಇದು ಹಿಂಗಾರಿಯಲ್ಲಿ ಬಿತ್ತಿ ಇಬ್ಬನಿಯಲ್ಲಿ ಬೆಳೆಯುವ ನಮ್ಮ ಎರೆಹೊಲದ ಬೆಳೆ. ಭಾಷೆಯ ಮಾತಂತೂ ಹೇಳಬೇಕಾದುದೇ ಇಲ್ಲ. ಅಕ್ಕಿ, ನುಚ್ಚು, ಹಿಟ್ಟು, ರೊಟ್ಟಿ, ಬೆಣ್ಣೆ: ಇವು ಸಜಾತೀಯ ಸಂಯುಕ್ತಾಕ್ಷರಗಳು. ಪಲ್ಯ ಬಂತೆಂದರೆ ವಿಜಾತೀಯವೂ ಬಂತು. ಸೂತ್ರವನ್ನು ಹಿರಿಯನಾದ ಮೇಲೆ ಕಲಿಯಲಿ. ಒತ್ತಕ್ಷರದ ರುಚಿ ಈಗಲೇ ನಾಲಗೆಗೆ ಹತ್ತಲಿ.

ಅಡಿಗೆಯ ವಿಷಯ ವಿದ್ಯೆಯ ಘನತೆಗೆ ತಕ್ಕುದೇ ಎಂದು ಕೇಳುವವರಿದ್ದಾರೆ. ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿಯೇ ಬರೆದನು. ಕನಕದಾಸರು ರಾಮಧಾನ್ಯಚರಿತೆಯಲ್ಲಿ ರಾಗಿಯನ್ನೂ ಭತ್ತವನ್ನೂ ವಾದಕ್ಕೆ ನಿಲ್ಲಿಸಿ ಬಡವರ ಧಾನ್ಯಕ್ಕೆ ಗೆಲವು ಕೊಟ್ಟರು. ರೊಟ್ಟಿಯ ಬುತ್ತಿಯನ್ನು ಬಿಚ್ಚಲು ನಾಚುವ ಇಂದಿನ ಮಕ್ಕಳಿಗೆ ಈ ಕಥೆಗಿಂತ ಮಿಗಿಲಾದ ಧೈರ್ಯವುಂಟೆ? ಪಾಠಕ್ರಮ ಮುಗಿಯದೆಂಬ ಆಕ್ಷೇಪಕ್ಕೂ ಉತ್ತರವಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ‘ನಲಿ-ಕಲಿ’ಯು ಚಟುವಟಿಕೆಯ ಮೂಲಕ ಕಲಿಯುವ ಕ್ರಮವನ್ನು ನಮ್ಮ ನಾಡಿನ ಚಿಕ್ಕ ತರಗತಿಗಳಿಗೆ ಈಗಾಗಲೇ ಪರಿಚಯಿಸಿದೆ.

ಎಲ್ಲಕ್ಕಿಂತ ಹಿರಿದಾದುದು ‘ಸಾಕು’ ಎಂಬ ಪಾಠ. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅಂದಿಗೆ ಬೇಕಾದುದನ್ನಷ್ಟೇ ಇರಿಸಿಕೊಂಡು ಮಿಕ್ಕುದನ್ನು ಮರಳಿ ಸುರಿದು ಬರಲು ಕಳುಹಿದಳೆಂಬ ಕಥೆಯನ್ನು ತಕ್ಕಡಿಯ ಮುಂದೆ ಕುಳಿತ ಮಗುವಿಗೆ ಹೇಳಿ ನೋಡಿರಿ. ವ್ಯವಕಲನವೂ ಶರಣಧರ್ಮವೂ ಒಂದೇ ಗಳಿಗೆಯಲ್ಲಿ ತಿಳಿಯುತ್ತವೆ.

ದಾನಿಗಳಲ್ಲಿ ನನ್ನ ವಿಜ್ಞಾಪನೆ ಸಣ್ಣದು. ದಾಸೋಹಕ್ಕೆ ಚೀಲಗಟ್ಟಲೆ ಧಾನ್ಯವನ್ನೂ ಶಾಲೆಗೆ ಕೋಣೆಗಳನ್ನೂ ಕೊಟ್ಟ ತಾವು, ಪ್ರತಿ ಚಿಕ್ಕ ತರಗತಿಗೆ ಒಂದು ತಕ್ಕಡಿ, ಒಂದು ಮರ, ಒಂದು ಬೀಸುಕಲ್ಲು, ಅಂಗಳದಲ್ಲಿ ನಾಲ್ಕು ಸಾಲು ಜೋಳ ಬಿತ್ತುವಷ್ಟು ನೆಲ, ಇಷ್ಟನ್ನು ದಯಪಾಲಿಸಿರಿ. ಹಳೆಯ ವಿದ್ಯಾರ್ಥಿಗಳಲ್ಲಿ ಒಕ್ಕಲುತನ ಮಾಡುವವರು ವರುಷಕ್ಕೊಮ್ಮೆ, ಎಳ್ಳಮವಾಸ್ಯೆಯ ಚರಗದ ಹೊತ್ತಿಗೆ, ತುಳಸಿಗೇರಿಯ ಸುತ್ತಲಿನ ತಮ್ಮ ಹೊಲಗಳಿಗೆ ಈ ಮಕ್ಕಳನ್ನು ಕರೆದೊಯ್ಯಿರಿ. ಭೂಮಿತಾಯಿಗೆ ಉಣಬಡಿಸಿ ತಾನುಣ್ಣುವ ರೈತನನ್ನು ಅವು ಕಣ್ಣಾರೆ ಕಾಣಲಿ.

ಅಧ್ಯಾಪಕ ಬಂಧುಗಳಿಗೆ ಹೇಳುವುದು ಒಂದೇ ಮಾತು. ಮಗುವನ್ನು ‘ಏನು ಉಂಡೆ?’ ಎಂದು ಎಲ್ಲರೆದುರು ಕೇಳದಿರೋಣ. ಪಂಕ್ತಿಯಲ್ಲಿ ಅದರ ಪಕ್ಕದಲ್ಲಿ ಕುಳಿತು ಉಣ್ಣೋಣ. ಕೇಳದೆಯೇ ತಿಳಿಯುವುದು ಬಹಳವಿರುತ್ತದೆ. ಹಸಿದ ಮಗುವನ್ನು ಗುರುತಿಸಿ, ಅದರ ಮಾನ ಕಾಯ್ದು, ಮೊದಲು ಅನ್ನವನ್ನೂ ಬಳಿಕ ಅಕ್ಷರವನ್ನೂ ನೀಡಿದ ಶಾಲೆಗೆ ದಾಸೋಹವೆಂಬ ಹೆಸರು ಸಾರ್ಥಕ.